ಕೈಯಲ್ಲಿ ಉಳಿದ ಏಳನೆಯ ಕಲ್ಲು

ತೆಲಿಗಿ ಊರಿನ ಹೊರಗೆ ಹಾಲಸ್ವಾಮಿಯವರ ಹೊಲದ ಬಾವಿಗೆ ಇನ್ನೂ ಬೆಳಕು ಇಳಿದಿಲ್ಲ. ನಲವತ್ತೆರಡು ಅಡಿ ಆಳದಲ್ಲಿ ಪಕ್ಕೀರಪ್ಪ ಬೀಡಿಯ ಕೆಂಡದಿಂದ ಒಂದೊಂದೇ ಬತ್ತಿಗೆ ಬೆಂಕಿ ತಾಗಿಸುತ್ತಿದ್ದಾರೆ. ಬಂಡೆಗೆ ಕೊರೆದ ತೂತು ಏಳು, ಏಳರಲ್ಲೂ ಸಿಡಿಮದ್ದು ತುಂಬಿದೆ. ಒಂದು ಬತ್ತಿ ಹೊತ್ತಿಕೊಂಡರೆ ಒಂದು ಬೆಣಚುಕಲ್ಲು ಬಲಜೇಬಿನಿಂದ ಎಡಜೇಬಿಗೆ ಹೋಗುತ್ತದೆ. ಏಳೂ ಹೋದ ಮೇಲೆ ಹಗ್ಗ ಹಿಡಿದು, ಮೇಲೆ ನಿಂತ ಹೆಂಡತಿಯ ತಮ್ಮನಿಗೆ ಕೂಗುತ್ತಾರೆ. "ಎಳಿಯಲೇ ದುರುಗಾ!"

ಮೇಲೆ ಬಂದವರೇ ಹುಣಸೆ ಮರದ ಮರೆಗೆ ಓಡಿ, ಏಳೂ ಕಲ್ಲುಗಳನ್ನು ಅಂಗೈಗೆ ಸುರುವಿಕೊಳ್ಳುತ್ತಾರೆ. ಬಾವಿ ಗುಡುಗುತ್ತದೆ. ಒಂದು ಸದ್ದಿಗೆ ಒಂದು ಕಲ್ಲು ನೆಲಕ್ಕೆ. ಆರು ಬೀಳುತ್ತವೆ. ಏಳನೆಯದು ಕೈಯಲ್ಲೇ ಉಳಿಯುತ್ತದೆ.

"ಎರಡು ಕೂಡೇ ಸಿಡಿದಾವ ಬಿಡೋ," ಎನ್ನುತ್ತಾರೆ ಹಾಲಸ್ವಾಮಿ. ನಿನ್ನೆ ಬುಟ್ಟಿಯಲ್ಲಿ ಹಸಿ ಮಣ್ಣು ಬಂದಾಗಿನಿಂದ ಅವರಿಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಗಂಗೆಪೂಜೆಯ ತಟ್ಟೆ ಕೂಡ ಸಿದ್ಧವಾಗಿದೆ.

"ಸಿಡಿದಿದ್ರೂ ಸಿಡಿದಿರಬಹುದ್ರಿ. ಆದ್ರ ಕಲ್ಲು ನನ್ನ ಕೈಯಾಗ ಐತಿ. ನಾಳಿ ಮುಂಜಾನಿತನಕ ಯಾರೂ ಇಳಿಯಂಗಿಲ್ಲ."

ಪಕ್ಕೀರಪ್ಪನವರಿಗೆ ಈಗ ನಲವತ್ತಾರು. ಮನೆ ಹರಪನಹಳ್ಳಿಯ ಅಂಚಿನ ಕೇರಿಯಲ್ಲಿ. ಕೊಟ್ಟೂರಿನಿಂದ ಹೊಳಲಿನವರೆಗೆ ಇಪ್ಪತ್ನಾಲ್ಕು ವರ್ಷಗಳಲ್ಲಿ ನೂರಾ ಹದಿಮೂರು ಬಾವಿ ತೋಡಿದ್ದಾರೆ. ದಿನಕ್ಕೆ ಅರವತ್ತು ಬುಟ್ಟಿ ಕಲ್ಲು ಮೇಲೇರಬೇಕು, ಗಟ್ಟಿ ಬಂಡೆ ಸಿಕ್ಕರೆ ಒಂದು ಬಾವಿಗೆ ಮೂರು ತಿಂಗಳು ಹಿಡಿಯುತ್ತದೆ. ನೀರು ಬಿದ್ದ ದಿನ ಜಾಗ ತೋರಿಸಿದವನಿಗೆ ತೆಂಗಿನಕಾಯಿ, ತೋಡಿದವರಿಗೆ ಸಾರಾಯಿ. ಈ ಸೀಮೆಯ ರೂಢಿ ಅದು. ಹೊಲದ ಯಜಮಾನ ಕುಡಿಯದವನಾದರೂ ಕೆಲಸದವರಿಗೆಂದು ಸೀಸೆ ತರಿಸಿಯೇ ಇಟ್ಟಿರುತ್ತಾನೆ.

ಚರ್ಚಿನ ಪುಸ್ತಕದಲ್ಲಿ ಅವರ ಹೆಸರು ಯಾಕೋಬ. ದೀಕ್ಷಾಸ್ನಾನದ ದಿನ ಉಪದೇಶಿಯವರು, ಬಾವಿ ತೋಡುವವನಿಗೆ ಬೈಬಲಿನಲ್ಲಿ ಬಾವಿಯುಳ್ಳವನ ಹೆಸರೇ ಇರಲಿ ಎಂದು ನಕ್ಕು ಇಟ್ಟ ಹೆಸರದು. ಊರಿಗೆ ಮಾತ್ರ ಇವರು ಇಂದಿಗೂ ಪಕ್ಕೀರಪ್ಪನೇ. ಬೀಡಿಯ ವಿಷಯ ಉಪದೇಶಿಯವರ ಕಿವಿಗೆ ಹಾಕಬಾರದೆಂದು, ಇದನ್ನು ಬರೆಯುತ್ತಿರುವ ನಮ್ಮಿಂದ ಮಾತು ತೆಗೆದುಕೊಂಡಿದ್ದಾರೆ. ಮಾತಿಗೆ ತಪ್ಪಿದ್ದೇವೆ, ಕ್ಷಮಿಸಲಿ.

ಕಲ್ಲಿನ ಲೆಕ್ಕ ಶುರುವಾದದ್ದು ಒಂಬತ್ತು ವರ್ಷದ ಹಿಂದೆ, ಎಪ್ಪತ್ತೈದರ ಬೇಸಿಗೆಯಲ್ಲಿ, ಹಗರಿಬೊಮ್ಮನಹಳ್ಳಿ ಕಡೆಯ ಒಂದು ಬಾವಿಯಿಂದ. ಅಂದು ಪಕ್ಕೀರಪ್ಪ ಬೆಳಗಿನಲ್ಲೇ ಕುಡಿದಿದ್ದರು. ಹಚ್ಚಿದ್ದು ಏಳು, ಸಿಡಿದದ್ದು ಆರು. ಬಾವಿಯ ಗೋಡೆಗೆ ಬಡಿದು ಬಂದ ಮಾರ್ದನಿಯನ್ನು ಏಳನೆಯದೆಂದು ಎಣಿಸಿ, "ಆತು, ಇಳಿ" ಎಂದರು. ಇಳಿದವನು ಹೆಂಡತಿ ಹುಲುಗಮ್ಮನ ತಮ್ಮ, ಇವರನ್ನು ಮಾವ ಎಂದು ಕರೆಯುವ ದುರುಗಣ್ಣ, ಆಗಿನ್ನೂ ಮೀಸೆ ಚಿಗುರುವ ವಯಸ್ಸು. ಅವನ ಹಾರೆ ತಾಗಿ ಏಳನೆಯದು ಸಿಡಿದು ಬಲಗಣ್ಣು ಹೋಯಿತು, ಎರಡು ಬೆರಳು ಹೋದವು.

ಮಿಷನ್ ಆಸ್ಪತ್ರೆಯ ವರಾಂಡದಲ್ಲಿ ಪಕ್ಕೀರಪ್ಪ ಹನ್ನೊಂದು ದಿನ ಕೂತರು. ಪಕ್ಕದ ಹಾಸಿಗೆಯವರಿಗಾಗಿ ಪ್ರಾರ್ಥಿಸಲು ಬರುತ್ತಿದ್ದ ಉಪದೇಶಿಯವರು, ಏನೂ ಕೇಳದೆ ಇವರ ಪಕ್ಕದಲ್ಲೂ ಒಂದಿಷ್ಟು ಹೊತ್ತು ಕೂತು ಹೋಗುತ್ತಿದ್ದರು. ಹನ್ನೆರಡನೆಯ ದಿನ ದುರುಗಣ್ಣನಿಗೆ ಮಾತು ಬಂತು. "ಮೊದಲನೇ ಮಾತು ಏನಂತೀರಿ? 'ಮಾವಾ, ಉಂಡ್ಯಾ?' ಅಂದ. ಬೈದಿದ್ರ ತಡ್ಕೊಂತಿದ್ದೆ ನೋಡ್ರಿ. ಆ ಮಾತು ತಡ್ಕೊಳ್ಳಾಕ ಆಗಲಿಲ್ಲ. ಎದ್ದು ಹೋಗಿ ಉಪದೇಶಿಯವರ ಮುಂದ ಅತ್ತೆ," ಎನ್ನುತ್ತಾರೆ ಪಕ್ಕೀರಪ್ಪ.

ದೇವರನ್ನು ನಂಬಿದ ಮೇಲೆ ಕುಡಿಯುವ ಆಸೆ ಓಡಿಹೋಯಿತೇ? ಪಕ್ಕೀರಪ್ಪ ನಕ್ಕುಬಿಡುತ್ತಾರೆ. "ಎಲ್ಲಿ ಹೋಗ್ತೈತ್ರಿ? ಆಸಿನೂ ಸಿಡಿಯದ ಮದ್ದಿನಂಗ. ಸುಮ್ಮನ ಐತಿ ಅಂತ ಸತ್ತೈತಿ ಅನಬಾರ್ದು. ನಾನು ಯೇಸುಸ್ವಾಮಿಗೆ ಕೇಳೋದು ಇವತ್ತಿಂದಷ್ಟ. ಇವತ್ತು ಆ ಸಾರಾಯಿ ಅಂಗಡಿ ದಾಟಿಸು ಅಂತ."

ಅಂಗಡಿ ಇರುವುದು ಹರಪನಹಳ್ಳಿಯ ಬಸ್ ನಿಲ್ದಾಣದಿಂದ ಕೇರಿಗೆ ಹೋಗುವ ದಾರಿಯಲ್ಲೇ. ಸುತ್ತಿ ಹೋಗಲು ಬೇರೆ ದಾರಿಯಿಲ್ಲ. ಸಂಜೆ ಬಸ್ಸಿಳಿದೊಡನೆ ಪಕ್ಕೀರಪ್ಪ ಒಂದು ಬೆಣಚುಕಲ್ಲನ್ನು ಮುಷ್ಟಿಯಲ್ಲಿ ಬಿಗಿಹಿಡಿಯುತ್ತಾರೆ, ಕುಡಿಯದೆ ಮನೆ ಮುಟ್ಟಿದರೆ ಮಾತ್ರ ಅದು ನೆಲಕ್ಕೆ. ದುರುಗಣ್ಣ ಅವರ ಹೆಗಲ ಮೇಲೆ ಕೈ ಹಾಕುತ್ತಾನೆ. ಒಕ್ಕಣ್ಣಿನವನನ್ನು ಮಾವ ನಡೆಸಿಕೊಂಡು ಹೋಗುತ್ತಿದ್ದಾರೆ ಎಂದು ನೋಡಿದವರು ಮರುಗುತ್ತಾರೆ. "ನಡಸ್ಕೊಂಡು ಹೋಗಾಂವ ನಾನು," ಎಂದು ದುರುಗಣ್ಣ ಕಣ್ಣು ಮಿಟುಕಿಸುತ್ತಾನೆ. ಅವನು ಚರ್ಚಿಗೆ ಹೋಗುವವನಲ್ಲ, ದುರ್ಗಮ್ಮನ ಒಕ್ಕಲು. "ಮಾವನ ದೇವರು ಮ್ಯಾಲಿಂದ ಹಿಡೀತಾನ, ನಾ ಇಲ್ಲಿಂದ ಹಿಡೀತೀನಿ."

ಇಂದಿನ ಪರೀಕ್ಷೆ ಮಾತ್ರ ಅಂಗಡಿಯವರೆಗೂ ಕಾಯುವುದಿಲ್ಲ. ಕೆಲಸ ನಿಂತಿದೆ, ದಿನವಿಡೀ ಖಾಲಿ. ನೀರಿನ ದಿನಕ್ಕೆಂದು ತಂದಿಟ್ಟ ಸೀಸೆಯನ್ನು ಹಾಲಸ್ವಾಮಿ ಹೊತ್ತೇರುವ ಮುನ್ನವೇ ಮರದ ಬುಡಕ್ಕೆ ತರುತ್ತಾರೆ. ಕೆಟ್ಟ ಮನಸ್ಸಿನಿಂದಲ್ಲ. "ಹೆಂಗೂ ಕುಂತೀರಿ. ಒಂದೊಂದು ಗುಟುಕು ಹಾಕ್ಕೋರಿ. ಧೈರ್ಯ ಬಂದ್ರ ಮಧ್ಯಾಹ್ನಕ್ಕ ಇಳೀರಂತ."

ಬಿರಡೆ ತೆಗೆದ ವಾಸನೆಗೆ ಪಕ್ಕೀರಪ್ಪನವರ ಬಾಯಿ ಒಣಗುತ್ತದೆ. ಕೆಲಸದವರು ಇವರ ಮುಖ ನೋಡುತ್ತಾರೆ, ಇವರು ಮುಟ್ಟದೆ ಅವರು ಮುಟ್ಟುವುದಿಲ್ಲ. ಒಂದು ಗುಟುಕು ಒಳಗೆ ಹೋದರೆ ಸಾಕು, ಎರಡು ಕೂಡಿಯೇ ಸಿಡಿದಿವೆ ಎಂಬ ಮಾತು ನಿಜವೆನ್ನಿಸುತ್ತದೆ. ಅದು ಅವರಿಗೆ ಚೆನ್ನಾಗಿ ಗೊತ್ತು. ಎದ್ದು ಮರದ ಆಚೆಗೆ ಹೋಗಿ, ತಲೆಯ ವಸ್ತ್ರ ಬಿಚ್ಚಿ, ಕಲ್ಲು ಹಿಡಿದ ಕೈಯನ್ನೇ ಎದೆಗೊತ್ತಿಕೊಂಡು ನಿಲ್ಲುತ್ತಾರೆ. ತುಟಿ ಅಲ್ಲಾಡುತ್ತದೆ, ಮಾತು ಕೇಳಿಸುವುದಿಲ್ಲ. ತಿರುಗಿ ಬಂದಾಗ ದನಿ ಮೆತ್ತಗಿದೆ.

"ಯಜಮಾನ್ರ, ಸೀಸೆ ಒಳಗಿಡ್ರಿ, ಮಜ್ಜಿಗಿ ಇದ್ರ ಕೊಡ್ರಿ. ನಾಳಿ ಮೊದಲು ಇಳಿಯಾಂವ ನಾನು. ನನ್ನ ಕೈ ನಡುಗಬಾರ್ದು."

ಮರುದಿನ ಬೆಳಗ್ಗೆ ಒಬ್ಬರೇ ಇಳಿದು, ಹಾರೆ ಮುಟ್ಟದೆ ಬರಿಗೈಯಲ್ಲಿ ಒಂದೊಂದೇ ಕಲ್ಲು ಸರಿಸುತ್ತಾರೆ. ಮೂಲೆಯಲ್ಲಿ ಏಳನೆಯ ತೂತು ಸಿಗುತ್ತದೆ. ಬತ್ತಿ ಅರ್ಧಕ್ಕೆ ಆರಿದೆ, ಮದ್ದು ತುಂಬಿದಂತೆಯೇ ಇದೆ. ಅದರ ಮೇಲೆ ಹಾರೆ ಬಿದ್ದಿದ್ದರೆ ಏನಾಗುತ್ತಿತ್ತೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಸುದ್ದಿ ಕೇಳಿದ ಹಾಲಸ್ವಾಮಿ ತಾವೇ ನೀರಿನ ಕೊಡ ತಂದು ಹಗ್ಗಕ್ಕೆ ಕಟ್ಟಿ ಇಳಿಸುತ್ತಾರೆ. ಪಕ್ಕೀರಪ್ಪ ನೀರು ಹೊಯ್ದು ಹೊಯ್ದು ಮದ್ದನ್ನು ತೊಳೆದು ತೆಗೆಯುತ್ತಾರೆ. ಪಕ್ಕದಲ್ಲಿ ಹೊಸ ತೂತು ಕೊರೆದು ಮಧ್ಯಾಹ್ನ ಬೆಂಕಿ ಕೊಟ್ಟರೆ ಒಂದೇ ಸದ್ದು, ಕಲ್ಲೊಂದು ನೆಲಕ್ಕೆ. ಆ ಮೂಲೆಯಲ್ಲೇ ಬೆರಳುಗಾತ್ರದ ನೀರು ಜಿನುಗುತ್ತದೆ.

ಸೀಸೆಯ ಮಾತನ್ನು ಈ ಸಲ ಯಾರೂ ಎತ್ತುವುದಿಲ್ಲ. ಹಾಲಸ್ವಾಮಿಯವರ ಹೆಂಡತಿ ನಾಗಲಿಂಗಮ್ಮ ಹೊಸ ನೀರನ್ನು ಸೋಸಿ, ಬೆಲ್ಲ ಕರಗಿಸಿ, ಮೊದಲ ತಂಬಿಗೆಯನ್ನು ತಾವೇ ತಂದು ಪಕ್ಕೀರಪ್ಪನವರ ಕೈಗೆ ಕೊಡುತ್ತಾರೆ. ನೂರಾ ಹದಿನಾಲ್ಕನೆಯ ಬಾವಿ. ಅವರು ಅರ್ಧ ಕುಡಿದು ಉಳಿದದ್ದನ್ನು ದುರುಗಣ್ಣನಿಗೆ ಚಾಚುತ್ತಾರೆ.

ಸಂಜೆ ಅದೇ ಬಸ್ಸು, ಅದೇ ಅಂಗಡಿ, ಹೆಗಲ ಮೇಲೆ ಅದೇ ಮೂರು ಬೆರಳಿನ ಕೈ. ಮುಂದಿನ ಆಸೆ ಏನೆಂದು ಕೇಳಿದರೆ ಪಕ್ಕೀರಪ್ಪ ಕಲ್ಲು ಹಿಡಿದ ಮುಷ್ಟಿಯನ್ನು ಎತ್ತಿ ತೋರಿಸುತ್ತಾರೆ. "ನೂರು ವರ್ಷ ಬಾಳಸು ಅಂತ ಕೇಳಂಗಿಲ್ರಿ. ಕಡೀ ದಿನ ಕೈಯಾಗ ಕಲ್ಲು ಉಳೀಬಾರ್ದು. ಅಷ್ಟ."

ಮನೆಯ ಹೊಸ್ತಿಲ ಬಳಿ ನಿಂತು ಮುಷ್ಟಿ ಬಿಚ್ಚುತ್ತಾರೆ. ಕಲ್ಲು ಟಣ್ಣೆಂದು ಬೀಳುತ್ತದೆ. ಒಳಗೆ ಒಲೆಯ ಮುಂದೆ ಕುಳಿತು ಒಂಬತ್ತು ವರ್ಷಗಳಿಂದ ದಿನಾ ಆ ಸದ್ದಿಗೆ ಕಿವಿಗೊಡುವ ಹುಲುಗಮ್ಮನ ದನಿ ಕೇಳುತ್ತದೆ.

"ಬಿತ್ತಲ್ರಿ ಇವತ್ತಿಂದು? ಬರ್ರಿ, ರೊಟ್ಟಿ ಆರತಾವ."