ಕಡಲ ದಂಡೆಯಲ್ಲಿ ತೋಡಿದ ತಲಪರಿಗೆ

ದೇವರಿಗೆ ದೀಪ ಹಚ್ಚಿ, ಪಕ್ಕದ ಮನೆಯವರ ಕೈಗೆ ಬೀಗದ ಕೈ ಕೊಟ್ಟು, ಬಿಸಿಲೇರುವ ಮುಂಚೆ ನಮ್ಮೂರು ಪುರವರ ಬಿಟ್ಟೆವು. ಹೊರಟವರು ನಾನು ಮತ್ತು ನಮ್ಮ ಯಜಮಾನರು. ಮೈದುನ ಶಿವಣ್ಣ ಕುಮಟಾ ಹತ್ತಿರ ಕಡಲಿಗೆ ಅಂಟಿಕೊಂಡ ತೆಂಗಿನ ತೋಟವೊಂದನ್ನು ಗುತ್ತಿಗೆಗೆ ಹಿಡಿದಿದ್ದಾನೆ. ಬಾವಿ ಬೇಸಗೆಗೆ ಸಾಲುತ್ತಿಲ್ಲ, ಆದರೆ ದಂಡೆಯ ಮರಳಿನಲ್ಲಿ ಸಿಹಿನೀರು ಒಸರುತ್ತದೆ, ಅಣ್ಣ ಬಂದು ಒಂದು ತಲಪರಿಗೆ ತೆಗೆದುಕೊಡಬೇಕು ಎಂದು ಫೋನು ಮಾಡಿದ್ದ. ಮರಳು ಅಗೆದಲ್ಲಿ ಒರತೆ ಎದ್ದು ಕಾಲುವೆಗೆ ಹರಿಯುವ ಜಾಗಕ್ಕೆ ನಮ್ಮ ಕಡೆ ತಲಪರಿಗೆ ಎನ್ನುತ್ತೇವೆ. ನಮ್ಮ ಯಜಮಾನರ ಮನೆತನಕ್ಕೆ ಆ ಕೆಲಸ ಚೆನ್ನಾಗಿ ಗೊತ್ತು.

ಗುದ್ದಲಿ ಅಲ್ಲೇ ಸಿಗುತ್ತದೆ ಎಂದರೂ ಅವರು ಕೇಳಲಿಲ್ಲ. ತಮ್ಮದನ್ನೇ ಗೋಣಿಚೀಲದಲ್ಲಿ ಸುತ್ತಿಕೊಂಡರು. ಮಧುಗಿರಿಯಿಂದ ಶಿರಾಕ್ಕೆ ಬಂದು, ಶಿವಣ್ಣನಿಗೆಂದು ಕಡಲೆಕಾಯಿ ಕೊಂಡು, ಹುಬ್ಬಳ್ಳಿ ಬಸ್ಸು ಹತ್ತಿದೆವು. ಕಂಡಕ್ಟರು ಗೋಣಿಚೀಲ ಮುಟ್ಟಿ ನೋಡಿ, "ಏನ್ ಯಜಮಾನ್ರೇ, ಗುದ್ದಲಿ ತಗಂಡು ಎಲ್ಲಿಗೆ?" ಎಂದ.

"ಸಮುದ್ರದ ತಾವ ನೀರು ತೆಗೆಯಾಕೆ ಕಣಪ್ಪ."

"ಅಲ್ಲಿ ನೀರಿಗೆ ಬರ ಬಂದೈತಾ ಮತ್ತೆ!" ಎಂದು ಬಸ್ಸೆಲ್ಲ ನಗಿಸಿದ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ್ದರಿಂದ ನನ್ನ ಟಿಕೆಟ್ಟಿಗೆ ದುಡ್ಡು ಕೊಡುವಂತಿರಲಿಲ್ಲ, ಕಿಟಕಿ ಪಕ್ಕದ ಸೀಟೂ ಸಿಕ್ಕಿತ್ತು. ಅಷ್ಟು ದೂರಕ್ಕೆ ಅದೇ ದೊಡ್ಡ ದಯೆ ಎಂದುಕೊಂಡೆ. ಹಾವೇರಿಯಲ್ಲಿ ಇಳಿದು ಬುತ್ತಿ ಬಿಚ್ಚಿ, ಶಿರಸಿ ದಾರಿಯ ಬಸ್ಸು ಹಿಡಿದೆವು. ಘಟ್ಟ ಇಳಿದಂತೆ ಮೈಯೆಲ್ಲ ಬೆವರು. ನಾನು ವಾಂತಿ ಮಾಡಿಕೊಳ್ಳಲಿಲ್ಲ. ಅದನ್ನೂ ದಯೆಯ ಲೆಕ್ಕಕ್ಕೆ ಹಿಡಿದೆ.

ಸಂಜೆ ತಲುಪಿದಾಗ ಕಡಲು ಹಿಂದೆ ಸರಿದಿತ್ತು. ತೋಟದ ಬೇಲಿಯ ಕೆಳಗೆ ಮರಳು ಒದ್ದೆಯಾಗಿ, ಎಳೆ ಎಳೆಯಾಗಿ ನೀರು ಹೊರಟು ಅಲೆಯ ಕಡೆ ಹೋಗುತ್ತಿತ್ತು. ಅಲ್ಲಿನ ಕಲ್ಲುಗಳ ಮೇಲೆ ಮಾತ್ರ ಹಸಿರು ಪಾಚಿ, ಆಚೀಚೆ ಎಲ್ಲ ಬೋಳು. ಬೊಗಸೆಯಲ್ಲಿ ಎತ್ತಿ ಕುಡಿದೆ, ಉಪ್ಪಿನ ಸೋಂಕಿಲ್ಲ. ನನ್ನ ಕಣ್ಣಲ್ಲಿ ನೀರೇ ಬಂತು.

"ಇಷ್ಟೊಂದು ಸಮುದ್ರದ ಪಾಲಾಗ್ತೈತಲ್ಲ ಶಿವಣ್ಣ!"

"ಅದಕ್ಕೇ ಅಲ್ವಾ ಅತ್ತಿಗೆ ನಿಮ್ಮನ್ನ ಕರೆಸಿದ್ದು. ಹೊಸದಾಗಿ ಇಟ್ಟ ತೆಂಗಿನ ಸಸಿಗಳು ಒಣಗ್ತಾ ಅವೆ."

ಮರುದಿನ ಬೆಳಗ್ಗೆ ಅಲೆ ಹಿಂದಿದ್ದಾಗಲೇ ಯಜಮಾನರು ಒರತೆಯ ಬುಡದಲ್ಲಿ ತೋಡಿದರು. ಸುತ್ತ ಕಲ್ಲು ಕಟ್ಟಿದರು. ನಾನು ಗಂಗಮ್ಮನಿಗೆ ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು, ಊದುಬತ್ತಿ ಹಚ್ಚಿದೆ. ಗುಂಡಿ ತುಂಬಿ ತಿಳಿಯಾಯಿತು. ಬುಟ್ಟಿ ಹಿಡಿದು ಚಿಪ್ಪಿ ಹೆಕ್ಕುತ್ತಿದ್ದ ಹೆಂಗಸೊಬ್ಬಳು ನಿಂತು ನೋಡಿದಳು. ಹೆಸರು ಮಾದೇವಿ, ಅಲ್ಲೇ ಪಕ್ಕದ ಕೇರಿಯವಳು. "ಪೂಜೆ ಮುಗೀತಾ ಅಮ್ಮಾ?" ಎಂದು ಕೇಳಿ ನಕ್ಕು ಹೋದಳು. ಯಾಕೆ ನಕ್ಕಳೆಂದು ನಮಗೆ ತಿಳಿಯಲಿಲ್ಲ.

ಊಟ ಮಾಡಿ ಬಂದು ನೋಡಿದರೆ ಗುಂಡಿಯೂ ಇಲ್ಲ, ಕಲ್ಲೂ ಇಲ್ಲ. ಅಲೆ ಬೇಲಿಯ ಹತ್ತಿರಕ್ಕೆ ಬಂದು ಹೊಡೆಯುತ್ತಿತ್ತು. ನಮ್ಮೂರ ಹಳ್ಳದಲ್ಲಿ ನೀರು ಮೇಲಿಂದ ಕೆಳಕ್ಕೆ ಬರುವುದನ್ನು ನೋಡಿದವರಿಗೆ, ಕೆಳಗಿನ ನೀರು ದಿನವೂ ಮೇಲಕ್ಕೆ ಬರುತ್ತದೆಂದು ಹೊಳೆದಿರಲಿಲ್ಲ. ಶಿವಣ್ಣ ಅಲ್ಲೇ ಇದ್ದವನು, ಅವನಿಗಾದರೂ ಹೊಳೆಯಬೇಕಿತ್ತು. "ನೀನ್ ತೋಡ್ತಿದ್ದಿದ್ ನೋಡಿ ಊರ ಹಳ್ಳದಾಗೇ ಇದೀನಿ ಅಂದ್ಕಂಬುಟ್ಟೆ ಕಣಣ್ಣ" ಎಂದ.

ಮೂರನೇ ದಿನ ಅಲೆ ಮುಟ್ಟದ ಕಡೆ, ತೋಟದ ಅಂಚಿನಲ್ಲಿ ತೋಡಿ ಮೋಟಾರು ಇಡುವುದೆಂದು ಅವನೇ ತೀರ್ಮಾನಿಸಿದ. ಪೈಪು ಕಂಡ ಮಾದೇವಿ ಬುಟ್ಟಿ ಕೆಳಗಿಟ್ಟು ಬೇಲಿಗೆ ಬಂದಳು. ಈ ಸಲ ನಗಲಿಲ್ಲ.

"ಇಲ್ಲಿ ಎಳೆದ್ರೆ ಕೆಳಗೆ ಒಸರು ನಿಲ್ತದೆ. ಒಸರು ಇದ್ದಲ್ಲಿ ಪಾಚಿ, ಪಾಚಿ ಇದ್ದಲ್ಲಿ ಚಿಪ್ಪಿ, ಮೀನ್ಮರಿ. ನಾ ಎಲ್ಲಿ ಹೆಕ್ಕೂದು?"

"ಸಮುದ್ರ ಇಷ್ಟು ದೊಡ್ಡದೈತೆ, ಬ್ಯಾರೆ ಕಡೆ ಹೆಕ್ಕು ಕಣಮ್ಮ" ಎಂದ ಶಿವಣ್ಣ.

"ದೊಡ್ಡದು ಹೌದು ಮಾರಾಯ್ರೆ, ಎಲ್ಲಾ ಕಡೆ ಊಟ ಉಂಟಾ ಅದರಲ್ಲಿ? ಕಾಲೇಜಿನವ್ರು ಬಂದು ಇದೇ ನೀರು ಬಾಟಲಿಗೆ ತುಂಬ್ಕಂಡು ಹೋಗಿದ್ರು. ಮೇಲಿನ ತೋಟದ ಗೊಬ್ಬರ, ಕೊಳೆತ ತರಗೆಲೆ, ಎಲ್ಲದರ ಸಾರ ಮಳೆನೀರಿನ ಸಂಗಡ ಇಳಿದು, ಹೊಯ್ಗೆ ಒಳಗಿಂದ್ಲೇ ಸಮುದ್ರಕ್ಕೆ ಹೋಗ್ತದಂತೆ. ಮೂಟೆಗೊಬ್ಬರ ಅತಿ ಸುರಿದ್ರೆ ಅದೂ ಹೋಗ್ತದೆ, ಪಾಚಿ ಮಿತಿಮೀರಿ ಕೊಳೀತದೆ ಅಂದ್ರು. ಈಗ ಹದಾ ಉಂಟು. ಇದನ್ನೂ ನಿಲ್ಲಿಸ್ತ್ರಾ?"

ಹೊಯ್ಗೆ ಎಂದರೆ ಅವರ ಮಾತಿನಲ್ಲಿ ಮರಳು. ನಾನು ಮೊದಲ ದಿನ ಅತ್ತದ್ದು ನೆನಪಾಯಿತು. ಪೋಲಾಗುತ್ತಿದೆ ಎಂದು ನಾನಂದುಕೊಂಡ ನೀರು ಯಾರದೋ ಅನ್ನ ಹೊತ್ತುಕೊಂಡು ಹೋಗುತ್ತಿತ್ತು.

ಯಜಮಾನರು ಗುದ್ದಲಿ ನೆಲಕ್ಕೂರಿ ನಿಂತಿದ್ದರು. ನಮ್ಮ ತಲಪರಿಗೆಯಲ್ಲಿ ಹೊಸದಾಗಿ ತೋಡುವ ಮೊದಲು ಕಾಲುವೆಯ ಕಡೇ ಗದ್ದೆಯವರನ್ನು ಕೇಳಬೇಕು. ಅವರು ಒಂದು ಹಿಡಿ ಮರಳು ತೆಗೆದ ಮೇಲೆಯೇ ಉಳಿದವರು ಕೈ ಹಾಕುವುದು. ಇಲ್ಲಿ ಗದ್ದೆಯೇ ಕಾಣದ್ದರಿಂದ ಯಜಮಾನರು ಯಾರನ್ನೂ ಕೇಳಿರಲಿಲ್ಲ.

"ನೀನೇ ಕಡೇ ಗದ್ದೆಯೋಳು ಕಣಮ್ಮ" ಎಂದರು ಮಾದೇವಿಗೆ. "ತೋಡ್ಲಾ, ಬ್ಯಾಡ್ವಾ?"

"ಏನಣ್ಣ, ಸಮುದ್ರಕ್ಕೂ ಸರದಿ ಇಕ್ತೀಯಾ? ನನ್ನ ಸಸಿ ನಿಂಗೆ ಲೆಕ್ಕಕ್ಕಿಲ್ವಾ?" ಎಂದ ಶಿವಣ್ಣ.

"ಲೇ ಶಿವ, ಸುಮ್ಕಿರ್ಲಾ. ಅವಳು ಹೇಳ್ಲಿ."

ಮಾದೇವಿ ಸಸಿಗಳ ಕಡೆ ನೋಡಿದಳು. ಒಣಗಿದ ಗರಿಯೊಂದನ್ನು ಬೆರಳಲ್ಲಿ ಮುರಿದಳು. "ತೋಡಿ. ಕೊಡದಲ್ಲಿ ಹೊತ್ತು ಹಾಕಿ. ಮೋಟ್ರು ಬೇಡ" ಎಂದು ಬಗ್ಗಿ ಒಂದು ಹಿಡಿ ಮರಳು ತೆಗೆದಳು. ಆಮೇಲೆ ಯಜಮಾನರು ಗುದ್ದಲಿ ಎತ್ತಿದರು. ಪೈಪನ್ನು ಶಿವಣ್ಣ ಸುತ್ತಿಟ್ಟ.

ನೀರು ಹೊತ್ತು ಹಾಕಿದರೆ ಅರ್ಧದಷ್ಟು ಸಸಿ ಉಳಿಯಬಹುದು. ಒಣಗಿದ್ದರ ಜಾಗದಲ್ಲಿ ಮಳೆ ಹಿಡಿದ ಮೇಲೆ ಹೊಸದಾಗಿ ಇಡಬೇಕು. ಯಾವುದನ್ನು ಬಿಡುವುದೆಂದು ಆ ಸಂಜೆ ಅಣ್ಣತಮ್ಮ ಇಬ್ಬರೂ ಸಾಲುಸಾಲಾಗಿ ನೋಡುತ್ತಾ ಹೋದರು. ನಾನು ಮುದ್ದೆ ಮಾಡಿಟ್ಟೆ. ಶಿವಣ್ಣ ಎರಡನೇ ಸಲ ಇಕ್ಕಿಸಿಕೊಂಡ. ಸಿಟ್ಟು ಊಟದ ತನಕ ಬರಲಿಲ್ಲವಲ್ಲ, ಸಿದ್ದರಬೆಟ್ಟದ ಸ್ವಾಮಿಗೆ ಮನಸ್ಸಿನಲ್ಲೇ ಕೈಮುಗಿದೆ.

ಹೊರಡುವ ಬೆಳಗ್ಗೆ ಅವನು ಬಸ್ಸಿನ ತನಕ ಬರಲಿಲ್ಲ. "ಬಿಸ್ಲು ಏರಿದ್ರೆ ನೀರು ಹೊರಾಕಾಗಲ್ಲ ಅತ್ತಿಗೆ. ಮುಂದಿನ ಸಲ ಅಣ್ಣನ್ನ ಊರಲ್ಲೇ ಬುಟ್ಟು ಬನ್ನಿ" ಎಂದ. ಯಜಮಾನರು ಕೇಳಿಸದವರಂತೆ ಮುಂದೆ ನಡೆದರು.

ರಸ್ತೆಯ ತಿರುವಿನಲ್ಲಿ ಬಸ್ಸು ನಿಧಾನವಾದಾಗ ತೋಟ ಕಂಡಿತು. ಕಡಲು ಹಿಂದೆ ಸರಿದಿತ್ತು. ಕೆಳಗೆ ಮಾದೇವಿ ಬಗ್ಗಿ ಚಿಪ್ಪಿ ಹೆಕ್ಕುತ್ತಿದ್ದಳು. ಮೇಲೆ ಶಿವಣ್ಣ ಎರಡು ಕೊಡ ಹಿಡಿದು ತೋಟದೊಳಕ್ಕೆ ನಡೆಯುತ್ತಿದ್ದ. ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಹಾಕಿದ್ದರು. ಅವರ ನಡುವಿನ ಮರಳು ಇನ್ನೂ ಒದ್ದೆಯಾಗಿಯೇ ಇತ್ತು.