ಎರಡೂ ಜಗಲಿಗೆ ಬೇಡವಾದವರು

ಅವರ ಬಲಗೈ ಹೆಬ್ಬೆರಳು ಹೊಗೆಸೊಪ್ಪು ಮುಟ್ಟಿ ಮುಟ್ಟಿ ಕಂದು ಬಣ್ಣಕ್ಕೆ ತಿರುಗಿತ್ತು. ಎಷ್ಟು ತಿಕ್ಕಿ ತೊಳೆದರೂ ಹೋಗುತ್ತಿರಲಿಲ್ಲ. ಅವರು ಓದಿ ಮಡಚಿಟ್ಟ ಪತ್ರಿಕೆಯ ಅಂಚಿಗೆಲ್ಲ ಆ ಬೆರಳಿನ ಗುರುತು, ಅದರದೇ ಒಂದು ಘಾಟು. ನಮ್ಮ ಎದುರುಮನೆಯವರು, ಹುಣಸೂರಿನಲ್ಲಿ ಹೊಗೆಸೊಪ್ಪಿನ ವ್ಯಾಪಾರಿ. ಊರಿಗೆಲ್ಲ ಅವರು ಸಾಬರು. ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಸದಾಗಿ ಉಪಾಧ್ಯಾಯಿನಿಯಾಗಿದ್ದ ನನಗೂ ಸಾಬರೇ.

ಆಗ ಮಹಾರಾಜರ ಆಳ್ವಿಕೆ, ಯುದ್ಧದ ಕಾಲ. ಸಂಜೆ ಮೈಸೂರಿನ ಬಸ್ಸು ಪತ್ರಿಕೆಯ ಕಟ್ಟು ಇಳಿಸಿ ಹೋದ ಮೇಲೆ ನಮ್ಮ ಬೀದಿಯ ಕಾಫಿ ಹೋಟೆಲಿನ ಜಗಲಿಯಲ್ಲಿ ಜನ ಸೇರುತ್ತಿದ್ದರು. ಓದು ಬಾರದವರೇ ಹೆಚ್ಚು. ಸಾಬರು ನಿಂತು ಗಟ್ಟಿಯಾಗಿ ಓದುತ್ತಿದ್ದರು, ಉಳಿದವರು ಕೂತು ಕೇಳುತ್ತಿದ್ದರು. ನಾನು ನಮ್ಮ ಮನೆಯ ಕಿಟಕಿಯಿಂದ ಕೇಳುತ್ತಿದ್ದೆ. ಅದು ಖಾದಿಯವರ ಜಗಲಿ. ಅರಮನೆಯ ಕಡೆಯವರನ್ನು ನಾವು ಪೇಟದವರು ಅನ್ನುತ್ತಿದ್ದೆವು, ಅವರದು ರಸ್ತೆಯಾಚೆ ಮಂಡಿಯ ಜಗಲಿ. ಸಾಬರು ಖಾದಿಯವರೇ. ಚಳವಳಿಯಲ್ಲಿ ಜೈಲಿಗೂ ಹೋಗಿ ಬಂದಿದ್ದರು.

ಸುದ್ದಿ ಯಾರದೇ ಇರಲಿ, ಅವರ ದನಿ ಏರುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ನಿಮ್ಮ ಅಭಿಪ್ರಾಯವೇನು ಅಂತ ನಾನು ಕೇಳಿದರೆ, “ನಾನು ಬರೀ ಬಾಯಿ ಕಣಮ್ಮ, ತೀರ್ಮಾನ ಕೇಳೋರ್ದು” ಅನ್ನುತ್ತಿದ್ದರು. ಕೇಳುವವರ ಮೇಲೆ ಅಷ್ಟೊಂದು ನಂಬಿಕೆ ಇಟ್ಟಿದ್ದೇ ಅವರು ಮಾಡಿದ ತಪ್ಪು.

ಒಂದು ವರ್ಷ ಪೇಟದವರ ಕಡೆಯ ಪುರಸಭೆ ಅಧ್ಯಕ್ಷ ಜನಕ್ಕೆ ಹಂಚಬೇಕಾದ ಸೀಮೆಎಣ್ಣೆಯನ್ನು ಕಳ್ಳಸಂತೆಗೆ ಸಾಗಿಸಿ ಸಿಕ್ಕಿಬಿದ್ದ. ಖಾದಿ ಪಕ್ಷದ ವಕೀಲರೊಬ್ಬರು ಊರಿನಲ್ಲೇ ಒಂದು ವಾರಪತ್ರಿಕೆ ನಡೆಸುತ್ತಿದ್ದರು. ‘ಬಡವರ ಮನೆಯ ದೀಪ ಆರಿಸಿದ ಪಾಪಿ, ರಾಜೀನಾಮೆ ಸಾಲದು, ಸೆರೆಮನೆಯೇ ತಕ್ಕ ಜಾಗ’ ಎಂದು ಬರೆದರು. ಸಾಬರು ಓದಿದರು. ಜನ ಬಿಡಲೊಲ್ಲರು. “ಇನ್ನೊಂದ್ಸಲ ಓದಿ ಸಾಬ್ರೇ, ಕಿವಿ ತಂಪಾಗ್ಲಿ” ಅಂತ ಮತ್ತೆ ಮತ್ತೆ ಓದಿಸಿದರು.

ಮರುವರ್ಷ ಸಿಕ್ಕಿಬಿದ್ದವನು ಖಾದಿಯವರ ನಾಯಕ. ಬಟ್ಟೆಗೆ ಕಂಟ್ರೋಲು ಬಂದಿದ್ದ ಕಾಲ. ಚೀಟಿ ಹಿಡಿದು ಡಿಪೋ ಮುಂದೆ ದಿನವೆಲ್ಲ ನಿಂತರೂ ಒಂದು ಸೀರೆ ಸಿಗುತ್ತಿರಲಿಲ್ಲ. ಆ ಡಿಪೋದ ಮುಖ್ಯಸ್ಥ ಇವನೇ. ಗಾಡಿಗಟ್ಟಲೆ ಬಟ್ಟೆಯನ್ನು ಕೊಡಗಿನ ಕಡೆಗೆ ಮಾರಿಕೊಂಡಿದ್ದ. ವಕೀಲರು ಏನು ಬರೆದರು ಗೊತ್ತೇ? ‘ದೇಶಕ್ಕಾಗಿ ಬವಣೆಪಟ್ಟವರ ಮೇಲೆ ಕೆಸರೆರಚುವುದು ಸಲ್ಲದು, ವಿಚಾರಣೆ ಮುಗಿಯುವವರೆಗೆ ತಾಳ್ಮೆಯಿರಲಿ.’ ಅದೇ ವಕೀಲರು, ಅದೇ ಲೇಖನಿ. ನಾಚಿಕೆಯಾಗಬೇಡವೇ ಮನುಷ್ಯನಿಗೆ? ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಅವತ್ತು ಸಂಜೆ ಸಾಬರು ಎಂದಿನ ದನಿಯಲ್ಲಿ ಓದಲು ಶುರುಮಾಡಿದರು. ‘ಬಡವರ ಮೈಮೇಲಿನ ಬಟ್ಟೆ ಕಿತ್ತ ಪಾಪಿ, ರಾಜೀನಾಮೆ ಸಾಲದು...’ ನಾಯಕನ ಹೆಸರು ಬಂದಿದ್ದೇ ತಡ, ಜಗಲಿಯೆಲ್ಲ ಎದ್ದು ನಿಂತಿತು.

“ಯಾವನ್ಲಾ ಅದು ಬರ್ದೋನು? ಪೇಟದೋರ ಕೂಳು ತಿಂದಿರ್ಬೇಕು” ಅಂತ ಒಬ್ಬ ಕೂಗಿದ.

“ನಮ್ಮ ವಕೀಲ್ರೇ ಬರ್ದಿದ್ದು ಕಣಪ್ಪ, ಹೋದ್ ವರ್ಸ” ಅಂದರು ಸಾಬರು. “ಹೆಸ್ರು ಬದ್ಲಾಯ್ಸಿದೀನಿ. ಎಣ್ಣೆ, ದೀಪ ಇದ್ದ ಕಡೆ ಬಟ್ಟೆ ಅಂದಿದೀನಿ. ಮಿಕ್ಕಿದ್ದೆಲ್ಲ ಅವ್ರ ಮಾತೇ. ಅವತ್ತು ನೀವೇ ಮತ್ತೆ ಮತ್ತೆ ಓದ್ಸಿದ್ರಿ.”

ವಕೀಲರು ಅಲ್ಲೇ ಬೆಂಚಿನ ಮೇಲಿದ್ದರು. “ಅದು ಬೇರೆ, ಇದು ಬೇರೆ” ಅಂದರು.

“ಹೆಂಗೆ ಬೇರೆ, ಹೇಳಿ ಸ್ವಾಮಿ.”

“ಈಗ ಇದನ್ನ ಎತ್ತಿದ್ರೆ ಯಾರಿಗೆ ಲಾಭ ಅಂತ ಯೋಚನೆ ಮಾಡಿದೀರಾ?”

“ಮಾಡಿದೀನಿ. ಬಟ್ಟೆ ಇಲ್ದೋರಿಗೆ.”

ಹಿಂದಿನಿಂದ ಯಾರೋ, “ಎಷ್ಟಾದ್ರೂ ಸಾಬಿ ತಾನೆ, ಬುಡ್ಲಾ” ಅಂದರು. ಹಾಗಂದವನು ಜೈಲಿನ ಬಾಗಿಲನ್ನೂ ಕಂಡವನಲ್ಲ. ಮಾರನೆಯ ದಿನ ಹೋಟೆಲಿನ ಯಜಮಾನ ಕೈಮುಗಿದು, ಇನ್ನು ಓದಲು ಬರಬೇಡಿ ಅಂದ.

ಪೇಟದವರಿಗೆ ಹಬ್ಬವೋ ಹಬ್ಬ. ಹಾರ ಹಾಕಿ ಸಾಬರನ್ನು ತಮ್ಮ ಜಗಲಿಗೆ ಕರೆದುಕೊಂಡು ಹೋದರು. ಸಾಬರು ಬಟ್ಟೆಯ ಹಗರಣ ಓದಿದರು, ಚಪ್ಪಾಳೆ ಬಿತ್ತು. ಆಮೇಲೆ ಅದೇ ದನಿಯಲ್ಲಿ ಸೀಮೆಎಣ್ಣೆಯದನ್ನೂ ಓದಿದರು. ಮುಗಿಯುವ ಮೊದಲೇ ಒಬ್ಬ ಲಾಟೀನು ಎತ್ತಿಕೊಂಡು ಒಳಗೆ ಹೋದ. ಕತ್ತಲಲ್ಲಿ ತಡಕಾಡಿಕೊಂಡು ಮನೆಗೆ ಬಂದ ಸಾಬರು ನನ್ನನ್ನು ಕಂಡು, “ಅಲ್ಲಿರೋರ್ಗೂ ಒಂದೇ ಕಿವಿ ಕಣಮ್ಮ” ಅಂದರು. ನನಗೆ ನಗು ಬರಲಿಲ್ಲ. ಎರಡು ಜಗಲಿಗಳಿಗೂ ಬೆಂಕಿ ಬೀಳಲಿ ಅನಿಸಿತು.

ಆಮೇಲೆ ಅವರು ತಮ್ಮದೇ ಹೊಗೆಸೊಪ್ಪಿನ ಮಂಡಿಯ ಬಾಗಿಲಲ್ಲಿ ನಿಂತು ಓದತೊಡಗಿದರು. ಕೇಳಲು ನಾನಿದ್ದೆ, ಇಬ್ಬರು ಹಮಾಲಿಗಳಿದ್ದರು. ಕೆಮ್ಮು ಬಂದ ದಿನ ಪತ್ರಿಕೆ ನನ್ನ ಕೈಗೆ ಕೊಟ್ಟು, “ದನಿ ಏರಿಸ್ಬ್ಯಾಡ, ಬರ್ದಿರೋದು ಬರ್ದಂಗೆ ಓದು” ಅನ್ನುತ್ತಿದ್ದರು. ಹಾಗೆ ಓದುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು. ಆ ಕೆಮ್ಮು ಎದೆಗೆ ಇಳಿದು ಅವರನ್ನು ಕೊಂದಿತು.

ಹೆಣ ಒಳಗಿರುವಾಗಲೇ ಆ ನಾಯಕ ಬಂದ. ವಿಚಾರಣೆ ಎಂದೋ ಮುಚ್ಚಿಹೋಗಿತ್ತು. ಹಿಂದೆ ವಕೀಲರು. ಆಳಿನ ಕೈಯಲ್ಲಿ ಕಫನ್ನಿಗೆಂದು, ಹೆಣಕ್ಕೆ ಹೊದಿಸಲು, ಹೊಸ ಬಿಳಿ ಬಟ್ಟೆಯ ಇಡೀ ಥಾನು. ಸಾಬರ ಹೆಂಡತಿ ಬಾಗಿಲ ಪರದೆಯ ಹಿಂದಿನಿಂದಲೇ ಕೇಳಿದರು: “ಇದು ಯಾರ ಚೀಟಿ ಬಟ್ಟೆ? ಅವ್ರಿಗೇ ಕೊಡಿ ಹೋಗಿ.” ಮನೆಯ ಹಳೆಯ ಎರಡು ಚಾದರಗಳನ್ನು ನಾನೂ ಅವರೂ ಒಗೆದು ಒಣಗಿಸಿದೆವು. ಅವನ್ನೇ ಹೊದಿಸಿ ಸಾಬರನ್ನು ಹೊತ್ತೊಯ್ದರು.

ಆ ವಾರದ ಪತ್ರಿಕೆಯಲ್ಲಿ ವಕೀಲರು ಬರೆದರು: ‘ನಮ್ಮ ನಾಯಕರು ಅಗಲಿದ ಮುಸಲ್ಮಾನ ಗೆಳೆಯನಿಗೆ ತಾವೇ ಕಫನ್ ಹೊದಿಸಿ ಕಂಬನಿ ಮಿಡಿದರು.’

ಸಂಜೆ ಶಾಲೆ ಮುಗಿದೊಡನೆ ಆ ಪತ್ರಿಕೆ ಹಿಡಿದು ಸೀದಾ ಹೋಟೆಲಿನ ಜಗಲಿ ಹತ್ತಿದೆ. ಹೆಂಗಸರು ಆ ಮೆಟ್ಟಿಲು ತುಳಿದದ್ದೇ ಇಲ್ಲ. ದನಿ ಏರಿಸದೆ ಆ ಸಾಲು ಓದಿದೆ. ಇದು ಸುಳ್ಳು, ಆ ಬಟ್ಟೆ ವಾಪಸು ಹೋಯಿತು, ಚಾದರ ಒಗೆದವಳು ನಾನು ಅಂದೆ. ವಕೀಲರು ಕಾಫಿ ಲೋಟ ಕೆಳಗಿಟ್ಟು, “ಅಮ್ಮಾ, ಇದು ಸಮಯವಲ್ಲ” ಅಂದರು.

ನಾನು ಮೊದಲಿನಿಂದ ಇನ್ನೊಂದು ಸಲ ಓದಿದೆ.