ಕೂಸಿನ ಮುಂದೆ ಚಾಡಿ

ನಮ್ಮ ಸೋದರತ್ತೆಯ ಕೆಳದುಟಿ ಎಡಕ್ಕೆ ಸೊಟ್ಟಗಿತ್ತು. ಹುಟ್ಟಿನಿಂದ ಬಂದದ್ದಲ್ಲ, ಜನರನ್ನು ನೋಡಿ ನೋಡಿ ಹಾಗಾದದ್ದು. ನನ್ನ ತವರು ಶಿರಗುಪ್ಪಿಯ ಬಳಗದಲ್ಲಿ ಯಾರಾದರೂ ಜಂಬ ಕೊಚ್ಚಿದರೆ ಆ ತುಟಿ ಇನ್ನಷ್ಟು ಸೊಟ್ಟಗಾಗಿ "ಹೌದೇನ?" ಎಂಬ ಒಂದೇ ಮಾತು ಹೊರಬರುತ್ತಿತ್ತು. ಎಂಥವನೂ ಅಲ್ಲಿಗೆ ಬಾಯಿ ಮುಚ್ಚುತ್ತಿದ್ದ.

ನನ್ನ ಮಗಳಿಗೆ ವರ್ಷ ತುಂಬುತ್ತ ಬಂದರೂ ಬಾಯಿಂದ ಒಂದು "ಬಬ್ಬ" ಕೂಡ ಹೊರಟಿರಲಿಲ್ಲ. ಕಿವಿ ಸರಿಯಾಗಿದೆ ಎಂದು ಡಾಕ್ಟರು ಹೇಳಿದ್ದರು. ಬೆಂಗೇರಿಯ ನನ್ನ ಗಂಡನ ಮನೆಯವರು ಮಾತು ಬರಲೆಂದು ದಿನಾ ಬಜೆಯ ಬೇರು ತೇಯ್ದು ಕೂಸಿನ ನಾಲಿಗೆಗೆ ಹಚ್ಚುತ್ತಿದ್ದರು. ಆಮೇಲೆ ತೊಟ್ಟಿಲ ಮುಂದೆ ಮೊಬೈಲ್ ಹಚ್ಚಿಟ್ಟು ತಮ್ಮ ದಾರಿ ಹಿಡಿಯುತ್ತಿದ್ದರು. ನಾನು ಪಾಠ ಹೇಳಲು ಶಾಲೆಗೆ ಹೋದರೆ ಸಂಜೆಯವರೆಗೂ ಅದನ್ನು ಮಾತಾಡಿಸುವವರಿಲ್ಲ. ತಿಳಿಯದ ಕೂಸಿನ ಮುಂದೆ ವಟಗುಟ್ಟುವುದು ಆ ದೊಡ್ಡವರಿಗೆ ಮರ್ಯಾದೆಗೇಡು. "ಮೂಕಿ ಆಗ್ತದೇನೋ" ಎಂದು ಪಿಸುಗುಟ್ಟಲು ಮಾತ್ರ ನಾಚಿಕೆಯಿರಲಿಲ್ಲ.

ಕೂಸನ್ನು ನೋಡಲು ಬಂದ ಸೋದರತ್ತೆ ಮೊದಲು ಮೊಬೈಲ್ ಆರಿಸಿದಳು. "ಕೂಸಿನ ನಾಲಿಗಿಗೆ ಬಜಿ ಹಚ್ಚೀರಿ, ಛಲೋ ಆತು. ನಿಮ್ಮ ನಾಲಿಗಿಗೆ ಏನ್ ಹಚ್ಚಬೇಕ್ರಿ?" ಎಂದು ನನ್ನ ಮಾವನವರನ್ನೇ ಕೇಳಿದಳು. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ಚಾಡಿ ಶುರುಮಾಡಿದಳು.

"ನಿಮ್ಮಜ್ಜ ಅದಾನಲ್ಲವಾ, ದೊಡ್ಡ ಮನಷ್ಯಾ! ಮಂದಿ ಮುಂದ ತಾಸಗಟ್ಲೆ ಭಾಷಣಾ, ಮೊಮ್ಮಗಳ ಮುಂದ ಮೌನವ್ರತ. ಖರೇ ಹೌದಿಲ್ಲೋ? ಹೇಳು."

ಅಷ್ಟು ಹೇಳಿ ಉತ್ತರಕ್ಕೆ ಕಾದಳು. ಕೂಸು ಅವಳ ತುಟಿಯನ್ನೇ ನೋಡಿ ಕಾಲು ಬಡಿಯಿತು. "ಹಾಂ, ಹಂಗನ್ನು!" ಎಂದು ಸೋದರತ್ತೆ ಮುಂದಿನ ನೆಂಟರನ್ನು ಹಿಡಿದಳು.

"ಕೂಸಿನ ಮುಂದ ಇಂಥಾ ಮಾತ ಆಡಬಾರದ್ರಿ" ಎಂದರು ಮಾವನವರು.

"ಮತ್ತ ನೀವು ಛಲೋ ಮಾತ ಆಡ್ರಿ. ಯಾರು ಬ್ಯಾಡಂದ್ರು?"

ಯಾರೂ ಆಡಲಿಲ್ಲ. ಅತ್ತೆ ಮಳೆಗಾಲ ಮುಗಿಯುವವರೆಗೂ ನಮ್ಮಲ್ಲೇ ಉಳಿದು, ಬಳಗದ ಒಬ್ಬೊಬ್ಬರ ಮಾನವನ್ನೂ ಕೂಸಿನ ಮುಂದೆ ಹರಾಜು ಹಾಕಿದಳು. ದಸರೆಯ ಹೊತ್ತಿಗೆ ಮಗಳು ನನ್ನನ್ನು ನೋಡಿ "ಅವ್ವಾ" ಅಂದಳು. ನಾನು ಅತ್ತುಬಿಟ್ಟೆ. ಮಾವನವರು ಬಂದವರಿಗೆಲ್ಲ ಬಜೆಯ ಮಹಿಮೆ ಹೇಳಿದರು. ಕೇಳಿ ನನಗೆ ಹೇಸಿಕೆಯಾಯಿತು. ಆ ಋಣ ಅತ್ತೆಯದು, ತೀರುವಂಥದ್ದಲ್ಲ.

ಹೋದ ತಿಂಗಳು ಸೋದರತ್ತೆ ತೀರಿಕೊಂಡಳು. ಬದುಕಿದ್ದಾಗ ಅವಳ ಹೊಸ್ತಿಲು ತುಳಿಯದವರೆಲ್ಲ ಹೆಣದ ಸುತ್ತ ಕೂತಿದ್ದರು. ಮಾವನವರು ಒಣಗಣ್ಣು ಒರೆಸಿಕೊಂಡು, "ನಮ್ಮ ಮೊಮ್ಮಗಳಂದ್ರ ಅವರಿಗೆ ಜೀವ. ಅವರು, ನಾನು ಕೂಡೇ ಅಕಿಗೆ ಮಾತ ಕಲಿಸಿದ್ವಿ" ಎಂದರು.

ನನ್ನ ಬಗಲಲ್ಲಿದ್ದ ಮಗಳು ಅವರನ್ನೇ ದಿಟ್ಟಿಸಿದಳು. ಕೆಳದುಟಿ ಮೆಲ್ಲಗೆ ಎಡಕ್ಕೆ ಸೊಟ್ಟಗಾಯಿತು.

"ಹೌದೇನ?"